ಕೌಂಟಿಯ ಕಡತ, ಶಾಲೆಯ ಪಟ್ಟಿ

ಕೇಳುಗರಿಗೆ ನಮಸ್ಕಾರ.

ಒಂದು ಹಳ್ಳಿಯ ಶಾಲೆಯ ಚರಿತ್ರೆ ತಿಳಿಯಬೇಕಾದರೆ ಶಾಲೆಯ ಬೀರು ಮಾತ್ರ ಹುಡುಕಿದರೆ ಸಾಲದು. ತೆರಿಗೆ ಹಾಕಿದವರು ಯಾರು? ಮೇಷ್ಟ್ರನ್ನು ನೇಮಿಸಿದವರು ಯಾರು? ಮಕ್ಕಳ ತಲೆ ಎಣಿಸಿ ಪಟ್ಟಿ ಮಾಡಿದವರು ಯಾರು? ಇದೆಲ್ಲ ಊರಿನ ಆಡಳಿತದ ಕಡತದಲ್ಲಿ ಇರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದಾಗಲೇ ಯಾರಿಗೆ ಅಕ್ಷರ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾಕೆ ಸಿಗಲಿಲ್ಲ ಅನ್ನೋದು ಬಿಡಿಸಿಕೊಳ್ಳುತ್ತದೆ. ಇವತ್ತು ನಾನು ಅಮೆರಿಕದ ದಕ್ಷಿಣದ ರಾಜ್ಯ ನಾರ್ತ್ ಕೆರೊಲಿನಾದ ಹಳ್ಳಿಗಾಡಿನ ಹಳೆಯ ಕಾಗದಗಳ ಬಗ್ಗೆ ಮಾತಾಡುತ್ತೇನೆ. ಕಾಲ, 19ನೇ ಶತಮಾನ. ಅದರಲ್ಲೂ ಪಕ್ಕಪಕ್ಕದ ಎರಡು ಕೌಂಟಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ: ಕ್ಯಾಸ್‌ವೆಲ್ ಮತ್ತು ಅಲಮಾನ್ಸ್. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಿ.

ಕ್ಯಾಸ್‌ವೆಲ್ ಹೊಗೆಸೊಪ್ಪಿನ ಸೀಮೆ. 1860ರಲ್ಲಿ ಅಲ್ಲಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಲಾಮರು. ಆ ವರ್ಷದ ಜನಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಹಾಳೆ ಇತ್ತು. ಆ ಹಾಳೆಯಲ್ಲಿ ಯಜಮಾನನ ಹೆಸರು ಇದೆ. ಅದರ ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರಿಲ್ಲ. ಶಾಲೆಗೆ ಹೋದರಾ, ಓದೋಕೆ ಬರುತ್ತಾ ಅನ್ನುವ ಪ್ರಶ್ನೆಗಳು ಸ್ವತಂತ್ರರ ಹಾಳೆಯಲ್ಲಿ ಮಾತ್ರ ಇದ್ದವು. ಗುಲಾಮರ ಹಾಳೆಯಲ್ಲಿ ಅದಕ್ಕೆ ಕಾಲಂ ಕೂಡ ಇರಲಿಲ್ಲ.

ಯುದ್ಧಕ್ಕೆ ಮುಂಚೆ, ಅಂದರೆ 1861ರಲ್ಲಿ ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗುವ ಮುಂಚೆ, ಕೌಂಟಿಯನ್ನು ಆಳುತ್ತಿದ್ದದ್ದು ಕೌಂಟಿ ಕೋರ್ಟು. ವರ್ಷಕ್ಕೆ ನಾಲ್ಕು ಸಲ ಸೇರುತ್ತಿತ್ತು. ಊರಿನ ದೊಡ್ಡ ಮನುಷ್ಯರೇ ಅಲ್ಲಿ ನ್ಯಾಯಾಧಿಪತಿಗಳು. ಅವರನ್ನು ಜನ ಆರಿಸುತ್ತಿರಲಿಲ್ಲ. ಆದರೆ ಇಡೀ ಊರಿನ ಬಾಳು ಅವರ ಮುಂದೆ ಬರುತ್ತಿತ್ತು. ರಸ್ತೆ ರಿಪೇರಿಗೆ ಯಾರ ಸರದಿ, ಬಡವರಿಗೆ ಎಷ್ಟು ಕೊಡಬೇಕು, ತೆರಿಗೆ ಎಷ್ಟು, ಅನಾಥ ಮಕ್ಕಳನ್ನು ಯಾರ ಮನೆಗೆ ಬಿಡಬೇಕು, ಎಲ್ಲವೂ ಅಲ್ಲೇ. ಇವರ ನಡಾವಳಿ ಪುಸ್ತಕಗಳನ್ನು ಓದುವುದು ಸುಲಭವಲ್ಲ. ಕೈಬರಹ ಒತ್ತೊತ್ತಾಗಿ ಇರುತ್ತದೆ, ವಿಷಯಗಳು ಒಂದರ ಮೇಲೊಂದು ಬೀಳುತ್ತವೆ. ಒಂದು ಸೇತುವೆ, ಒಂದು ಉಯಿಲು, ಒಬ್ಬ ಅನಾಥ ಹುಡುಗ, ಮತ್ತೆ ಒಂದು ರಸ್ತೆ.

ಸರ್ಕಾರಿ ಶಾಲೆ ಬಂದದ್ದು 1839ರ ಕಾನೂನಿನಿಂದ. ಒಂದೊಂದು ಕೌಂಟಿಯೂ ಶಾಲೆ ಬೇಕೋ ಬೇಡವೋ ಅಂತ ಮತ ಹಾಕಬೇಕಿತ್ತು. ಬೇಕು ಅಂದ ಕಡೆ ಒಂದೊಂದು ಶಾಲಾ ವಲಯಕ್ಕೆ ಕೌಂಟಿ 20 ಡಾಲರ್ ಎತ್ತಿದರೆ, ರಾಜ್ಯದ ಶಿಕ್ಷಣ ನಿಧಿ 40 ಡಾಲರ್ ಸೇರಿಸುತ್ತಿತ್ತು. ಬಹುಪಾಲು ಕೌಂಟಿಗಳು ಬೇಕು ಅಂದವು. 1840ರ ಜನವರಿಯಲ್ಲಿ ರಾಕಿಂಗ್‌ಹ್ಯಾಮ್ ಕೌಂಟಿಯಲ್ಲಿ ಮೊದಲ ಶಾಲೆ ತೆರೆಯಿತು. ಅದು ಕ್ಯಾಸ್‌ವೆಲ್‌ಗೆ ಅಂಟಿಕೊಂಡಿರುವ ಕೌಂಟಿ. 1853ರಲ್ಲಿ ಕ್ಯಾಲ್ವಿನ್ ವೈಲಿ ಅನ್ನುವವರು ಇಡೀ ರಾಜ್ಯದ ಶಾಲೆಗಳ ಮೊದಲ ಮೇಲ್ವಿಚಾರಕರಾದರು. ಅವರು ನಿಜಕ್ಕೂ ದುಡಿದ ಮನುಷ್ಯ. ಯುದ್ಧದ ಖರ್ಚಿಗೆ ಶಾಲೆಯ ನಿಧಿಯನ್ನು ಎತ್ತಿಕೊಳ್ಳಲು ಹೊರಟಾಗ ಬಿಡದೆ ತಡೆದು ನಿಂತರು. ಆದರೆ ಈ ಶಾಲೆಗಳು ಬಿಳಿಯ ಮಕ್ಕಳಿಗೆ ಮಾತ್ರ. ಇದನ್ನು ಮರೆತು ವೈಲಿಯವರನ್ನು ಹೊಗಳಿದರೆ ಅರ್ಧ ಮಾತು ಹೇಳಿದ ಹಾಗೆ.

ಇನ್ನರ್ಧ ಕಾನೂನಿನ ಪುಸ್ತಕದಲ್ಲಿದೆ. 1830ರಲ್ಲಿ ಇದೇ ರಾಜ್ಯ ಗುಲಾಮರಿಗೆ ಓದುಬರಹ ಕಲಿಸುವುದನ್ನು ಅಪರಾಧ ಮಾಡಿತು. ಕಲಿಸಿದವನು ಬಿಳಿಯನಾದರೆ 100ರಿಂದ 200 ಡಾಲರ್ ದಂಡ, ಇಲ್ಲವೇ ಜೈಲು. ಕಲಿಸಿದವನು ಗುಲಾಮನೇ ಆದರೆ ಬೆನ್ನಿಗೆ 39 ಏಟು. ಲೆಕ್ಕ ಕಲಿಸುವುದಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಯಾಕೆ ಹೇಳಿ? ಹೊಲದ ಫಸಲು ಎಣಿಸಲು, ಮೂಟೆ ಎಣಿಸಲು ಲೆಕ್ಕ ಬೇಕಲ್ವಾ? ಅಕ್ಷರ ಬಂದರೆ ಜನ ಯೋಚನೆ ಮಾಡುತ್ತಾರೆ, ಅಸಮಾಧಾನ ಪಡುತ್ತಾರೆ, ದಂಗೆ ಏಳುತ್ತಾರೆ ಅಂತ ಕಾನೂನೇ ಕಾರಣ ಕೊಟ್ಟಿತ್ತು.

ಅನಾಥ ಮಕ್ಕಳ ಕರಾರುಪತ್ರಗಳು ನನ್ನನ್ನು ಜಾಸ್ತಿ ಕಾಡುವ ಕಾಗದಗಳು. ಅಪ್ಪ ಇಲ್ಲದ ಅಥವಾ ತೀರಾ ಬಡವರ ಮಗುವನ್ನು ಕೋರ್ಟು ಯಾರಾದರೊಬ್ಬ ಯಜಮಾನನಿಗೆ ಒಪ್ಪಿಸುತ್ತಿತ್ತು. ಪತ್ರ ಅಚ್ಚು ಮಾಡಿದ್ದು, ಖಾಲಿ ಜಾಗದಲ್ಲಿ ಮಗುವಿನ ಹೆಸರು, ವಯಸ್ಸು, ಕಲಿಯಬೇಕಾದ ಕಸುಬು. ಯಜಮಾನ ಊಟ ಬಟ್ಟೆ ಕೊಡಬೇಕು, ಓದು ಬರಹ ಕಲಿಸಬೇಕು ಅಂತ ಷರತ್ತು. ಸ್ವತಂತ್ರರಾಗಿದ್ದ ಕಪ್ಪು ಮಕ್ಕಳಿಗೂ ಮೊದಲು ಈ ಷರತ್ತು ಇತ್ತು. 1838ರಲ್ಲಿ ಅದನ್ನು ತೆಗೆದುಹಾಕಿದರು. ಒಂದು ಸಾಲು ಹೋಯಿತು, ಅದರ ಜೊತೆ ಎಷ್ಟೋ ಮಕ್ಕಳ ಅಕ್ಷರವೂ ಹೋಯಿತು.

1865ರಲ್ಲಿ ಯುದ್ಧ ಮುಗಿಯಿತು, ಗುಲಾಮಗಿರಿ ಹೋಯಿತು. ಆದರೆ ಕರಾರುಪತ್ರ ಹೋಗಲಿಲ್ಲ. 1866ರ ಕಾನೂನು, ಬಿಡುಗಡೆಯಾದವರ ಮಕ್ಕಳನ್ನು ಒಪ್ಪಿಸುವಾಗ ಹಳೆಯ ಯಜಮಾನನಿಗೇ ಮೊದಲ ಹಕ್ಕು ಅಂದಿತು. ಅಪ್ಪ ಅಮ್ಮ ಬದುಕಿದ್ದಾಗಲೇ, ಅವರನ್ನು ಕೇಳದೆಯೇ ಕೋರ್ಟುಗಳು ಮಕ್ಕಳನ್ನು ಕೊಟ್ಟುಬಿಟ್ಟವು. ರಾಬ್‌ಸನ್ ಕೌಂಟಿಯಲ್ಲಿ ಹ್ಯಾರಿಯೆಟ್ ಆ್ಯಂಬ್ರೋಸ್ ಎಂಬ ಹುಡುಗಿಯನ್ನೂ ಅವಳ ಒಡಹುಟ್ಟಿದವರನ್ನೂ ಹೀಗೇ ಒಬ್ಬ ಜಮೀನುದಾರನಿಗೆ ಕೊಟ್ಟರು. ಮನೆಯವರು ಬಿಡಲಿಲ್ಲ. ಮೊಕದ್ದಮೆ ರಾಜ್ಯದ ಸುಪ್ರೀಂ ಕೋರ್ಟಿನ ತನಕ ಹೋಯಿತು. ಮಕ್ಕಳಿಗೆ ತಿಳಿಸದೆ, ಅವರ ಮಾತು ಕೇಳದೆ ಹೀಗೆ ಒಪ್ಪಿಸುವ ಹಾಗಿಲ್ಲ ಅಂತ 1867ರಲ್ಲಿ ತೀರ್ಪು ಬಂತು. ಅಕ್ಷರ ಕಲಿಯಲು ಆಗಷ್ಟೇ ಅವಕಾಶ ಸಿಕ್ಕಿದ್ದ ಜನ ಕೌಂಟಿಯ ಒಂದು ಕಾಗದವನ್ನು ಹಾಗೆ ಸೋಲಿಸಿದರು.

ಅದೇ 1866ರಲ್ಲಿ ಇನ್ನೊಂದು ಪುಸ್ತಕ ಶುರುವಾಯಿತು. ಗುಲಾಮರ ಮದುವೆಗೆ ಕಾನೂನಿನ ಬೆಲೆ ಇರಲಿಲ್ಲ. ಈಗ ಗಂಡ ಹೆಂಡತಿ ಇಬ್ಬರೂ ಕೌಂಟಿಯ ಗುಮಾಸ್ತರ ಹತ್ತಿರ ಬಂದು, ಎಷ್ಟು ವರ್ಷದಿಂದ ಸಂಸಾರ ಮಾಡುತ್ತಿದ್ದೇವೆ ಅಂತ ಬರೆಸಬೇಕು. ಶುಲ್ಕ 25 ಸೆಂಟ್. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಅದು ಸಣ್ಣ ಮೊತ್ತ ಅಲ್ಲ. ಆದರೂ ಸಾವಿರಾರು ಜೋಡಿಗಳು ಬಂದವು. ಎಷ್ಟೋ ಜನರ ಪೂರ್ತಿ ಹೆಸರು ಸರ್ಕಾರದ ಪುಸ್ತಕ ಸೇರಿದ್ದು ಆವತ್ತೇ ಮೊದಲು.

ಈಗ ಶಾಲೆಗೆ ಬರೋಣ. 1865ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಬಿಡುಗಡೆಯಾದವರಿಗಾಗಿ ಒಂದು ಇಲಾಖೆ ತೆರೆಯಿತು. ಅದನ್ನು ಫ್ರೀಡ್‌ಮನ್ಸ್ ಬ್ಯೂರೋ ಅನ್ನುತ್ತಾರೆ. ಅದರ ಶಾಲೆಗಳ ಮೇಷ್ಟ್ರುಗಳು ತಿಂಗಳಿಗೊಂದು ವರದಿ ಕಳಿಸಬೇಕಿತ್ತು. ಆ ಅಚ್ಚಿನ ನಮೂನೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಎಷ್ಟು ಮಕ್ಕಳು, ಹುಡುಗರೆಷ್ಟು, ಹುಡುಗಿಯರೆಷ್ಟು. 16 ವರ್ಷ ದಾಟಿದವರೆಷ್ಟು, ಯಾಕೆಂದರೆ ಮಕ್ಕಳ ಪಕ್ಕ ದೊಡ್ಡವರೂ ಬಂದು ಕೂರುತ್ತಿದ್ದರು. ಯುದ್ಧಕ್ಕೆ ಮುಂಚೆಯೇ ಸ್ವತಂತ್ರರಾಗಿದ್ದವರೆಷ್ಟು. ಫೀಸು ಕೊಡುವವರೆಷ್ಟು. ಅಕ್ಷರಮಾಲೆಯಲ್ಲಿ ಇರುವವರೆಷ್ಟು, ಸುಲಭ ಪಾಠ ಓದುವವರೆಷ್ಟು, ಲೆಕ್ಕ, ಭೂಗೋಳ, ಬರವಣಿಗೆ, ಹೊಲಿಗೆ ಕಲಿಯುವವರೆಷ್ಟು. ರಾತ್ರಿ ಶಾಲೆ ಇದೆಯಾ. ಶಾಲೆಯ ಕಟ್ಟಡ ಯಾರದ್ದು. ಕೊನೆಗೆ ಒಂದು ಪ್ರಶ್ನೆ: ಕಪ್ಪು ಜನರ ಶಾಲೆಯ ಬಗ್ಗೆ ಊರಿನವರ ಅಭಿಪ್ರಾಯ ಏನು?

ಆ ಕೊನೆಯ ಪ್ರಶ್ನೆಗೆ ಸಿಗುತ್ತಿದ್ದ ಜಾಗ ಒಂದೆರಡು ಸಾಲು. ಊರಿನವರ ಅಭಿಪ್ರಾಯ ಏನಿತ್ತು ಅನ್ನೋದನ್ನು ಅಲಮಾನ್ಸ್ ಕೌಂಟಿ ಬೇರೆ ರೀತಿಯಲ್ಲಿ ತೋರಿಸಿತು. ಅಲ್ಲಿ ಅಲೊಂಜೊ ಕಾರ್ಲಿಸ್ ಅನ್ನುವ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮೇಷ್ಟ್ರು ಕಪ್ಪು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅವರಿಗೆ ಕಾಲು ಸರಿಯಿರಲಿಲ್ಲ. 1869ರ ನವೆಂಬರ್‌ನಲ್ಲಿ ಬಿಳಿಯರ ಮೇಲುಗೈಗಾಗಿ ಹಿಂಸೆ ನಡೆಸುತ್ತಿದ್ದ ಕೂ ಕ್ಲಕ್ಸ್ ಕ್ಲ್ಯಾನ್ ಎಂಬ ಗುಪ್ತ ಸಂಘದ ಮುಸುಕುಧಾರಿಗಳು ಅವರನ್ನು ಮನೆಯಿಂದ ಎಳೆದೊಯ್ದು ಚಾವಟಿಯಿಂದ ಹೊಡೆದರು.

ಅಷ್ಟೊಂದು ಸಿಟ್ಟು ಯಾಕೆ? ಇದಕ್ಕೆ ಉತ್ತರ 1868ರ ರಾಜ್ಯ ಸಂವಿಧಾನದಲ್ಲಿದೆ. ಅದನ್ನು ಬರೆದ ಸಭೆಯಲ್ಲಿ ಕಪ್ಪು ಪ್ರತಿನಿಧಿಗಳೂ ಕುಳಿತಿದ್ದರು. ಅವರಲ್ಲೊಬ್ಬರು ಜೇಮ್ಸ್ ವಾಕರ್ ಹುಡ್, ಧರ್ಮಬೋಧಕರು. ಮುಂದೆ ಅವರು ರಾಜ್ಯದ ಶಿಕ್ಷಣ ಇಲಾಖೆಯಲ್ಲಿ ಸಹಾಯಕ ಮೇಲ್ವಿಚಾರಕರಾಗಿ ಕಪ್ಪು ಮಕ್ಕಳ ಶಾಲೆಗಳಿಗಾಗಿ ಕೆಲಸ ಮಾಡಿದರು. ಈ ಸಂವಿಧಾನ ಹಳೆಯ ಕೌಂಟಿ ಕೋರ್ಟನ್ನೇ ತೆಗೆದುಹಾಕಿತು. ಕೌಂಟಿಗೆ ಜನರೇ ಆರಿಸಿದ ಕಮಿಷನರುಗಳು ಬಂದರು. ಕೌಂಟಿಯನ್ನು ಟೌನ್‌ಶಿಪ್‌ಗಳಾಗಿ ಹಂಚಿ, ಒಂದೊಂದಕ್ಕೂ ಮೂವರ ಶಾಲಾ ಸಮಿತಿ ಇಟ್ಟರು. 6ರಿಂದ 21 ವರ್ಷದ ಎಲ್ಲ ಮಕ್ಕಳಿಗೂ ಶಾಲೆ, ಫೀಸಿಲ್ಲ. ವರ್ಷಕ್ಕೆ ಕನಿಷ್ಠ ನಾಲ್ಕು ತಿಂಗಳು ಶಾಲೆ ನಡೆಯಲೇಬೇಕು. ನಡೆಸದಿದ್ದರೆ ಕೌಂಟಿಯ ಕಮಿಷನರುಗಳ ಮೇಲೆ ಕ್ರಿಮಿನಲ್ ಮೊಕದ್ದಮೆ ಹಾಕಬಹುದು! ತಲೆಗಂದಾಯದ ಹಣದಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಬಡವರ ನೆರವಿಗೆ ತೆಗೆಯುವ ಹಾಗಿಲ್ಲ, ಉಳಿದದ್ದು ಶಾಲೆಗೇ. ನಿನ್ನೆಯವರೆಗೆ ಹಾಳೆಯಲ್ಲಿ ಹೆಸರೂ ಇಲ್ಲದವರು ಈಗ ತೆರಿಗೆ ಹಾಕುವವರನ್ನು, ಮೇಷ್ಟ್ರನ್ನು ನೇಮಿಸುವವರನ್ನು ಆರಿಸುತ್ತಿದ್ದರು. ಬರೀ ಶಾಲೆಯ ಮೇಲಿನ ಸಿಟ್ಟಲ್ಲ ಅದು. ಶಾಲೆಯೂ ಕೌಂಟಿಯೂ ಒಟ್ಟಿಗೆ ಕೈಬಿಟ್ಟು ಹೋದ ಸಿಟ್ಟು.

ಅಲಮಾನ್ಸ್‌ನ ಮುಖ್ಯ ಊರು ಗ್ರಹಾಂ. ಅಲ್ಲಿ ವಯಾಟ್ ಔಟ್‌ಲಾ ಅನ್ನುವ ಕಪ್ಪು ಬಡಗಿ ಊರಿನ ಆಡಳಿತ ಮಂಡಳಿಯ ಸದಸ್ಯರೂ ಕಾನ್‌ಸ್ಟೆಬಲ್ಲೂ ಆಗಿದ್ದರು. ತಮ್ಮ ಜನರಿಗೊಂದು ಚರ್ಚು, ಒಂದು ಶಾಲೆ ಆಗಬೇಕು ಅಂತ ಓಡಾಡಿದವರು. 1870ರ ಫೆಬ್ರವರಿ 26ರ ರಾತ್ರಿ ಕ್ಲ್ಯಾನಿನವರು ಅವರನ್ನು ಮನೆಯಿಂದ ಎಳೆದು ತಂದು, ಕೋರ್ಟಿನ ಎದುರಿದ್ದ ಮರಕ್ಕೆ ನೇಣು ಹಾಕಿದರು. ಜಾಗವನ್ನು ಗಮನಿಸಿ. ಎಲ್ಲಿ ಬೇಕಾದರೂ ಕೊಲ್ಲಬಹುದಿತ್ತು. ಕೋರ್ಟಿನ ಮುಂದೆಯೇ ಕೊಂದರು.

ಮೂರು ತಿಂಗಳು ಆಗುವುದರೊಳಗೆ, ಮೇ 21ರಂದು, ಕ್ಯಾಸ್‌ವೆಲ್‌ನ ಯಾನ್ಸಿವಿಲ್‌ನಲ್ಲಿ ಕೋರ್ಟಿನ ಕಟ್ಟಡದ ಒಳಗೇ ಇನ್ನೊಂದು ಕೊಲೆ. ಸತ್ತವರು ಜಾನ್ ಸ್ಟೀಫನ್ಸ್, ಬಿಳಿಯರು, ರಾಜ್ಯದ ಸೆನೆಟರ್, ಕಪ್ಪು ಮತದಾರರ ಪರ ನಿಂತವರು. ಮೇಲಿನ ಸಭಾಂಗಣದಲ್ಲಿ ಎದುರಾಳಿ ಪಕ್ಷದ ಸಭೆ ನಡೆಯುತ್ತಿತ್ತು. ಮಾತಾಡೋಣ ಬನ್ನಿ ಅಂತ ಕೆಳಗೆ ಕರೆದುಕೊಂಡು ಹೋಗಿ, ಒಂದು ಕೋಣೆಯಲ್ಲಿ ಕತ್ತು ಬಿಗಿದು, ಇರಿದು ಕೊಂದರು. ಹೆಣ ಸಿಕ್ಕಿದ್ದು ಮರುದಿನ ಬೆಳಗ್ಗೆ, ಅಲ್ಲಿದ್ದ ಸೌದೆಯ ರಾಶಿಯ ಮೇಲೆ. ಕೊಂದವರು ಯಾರು ಅಂತ ಯಾವ ಕೋರ್ಟಿನಲ್ಲೂ ಸಾಬೀತಾಗಲಿಲ್ಲ. ಆ ಗುಂಪಿನಲ್ಲಿದ್ದ ಜಾನ್ ಲೀ ಅನ್ನುವವನು 1919ರಲ್ಲಿ ಎಲ್ಲವನ್ನೂ ಹೇಳಿಕೆ ಕೊಟ್ಟು, ತಾನು ಸಾಯುವ ತನಕ ತೆರೆಯಬಾರದು ಅಂತ ಷರತ್ತು ಹಾಕಿ ರಾಜ್ಯದ ಇತಿಹಾಸ ಆಯೋಗಕ್ಕೆ ಒಪ್ಪಿಸಿದ. ಅದು ತೆರೆದದ್ದು 1935ರಲ್ಲಿ. 65 ವರ್ಷ ಒಂದು ಕೌಂಟಿ ಬಾಯಿ ಮುಚ್ಚಿಕೊಂಡಿತ್ತು.

ರಾಜ್ಯಪಾಲ ವಿಲಿಯಂ ಹೋಲ್ಡನ್ ಈ ಎರಡೂ ಕೌಂಟಿಗಳಿಗೆ ಸೈನ್ಯ ಕಳಿಸಿದರು. ಆ ವರ್ಷದ ಚುನಾವಣೆಯಲ್ಲಿ ಎದುರಾಳಿಗಳು ಗೆದ್ದು, 1871ರ ಮಾರ್ಚ್‌ನಲ್ಲಿ ಹೋಲ್ಡನ್ ಅವರನ್ನೇ ವಿಚಾರಣೆ ಮಾಡಿ ಪದವಿಯಿಂದ ಕಿತ್ತುಹಾಕಿದರು.

ಅಲ್ಲಿಂದ ಮುಂದಿನ ಕೆಲಸವೆಲ್ಲ ಕಾಗದದ ಮೇಲೆಯೇ ಆಯಿತು. 1871ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಶಾಲೆ ಊರಿನ ಅಗತ್ಯ ಖರ್ಚಲ್ಲ, ಜನರ ಮತ ಇಲ್ಲದೆ ಟೌನ್‌ಶಿಪ್ ಶಾಲಾ ತೆರಿಗೆ ಹಾಕುವ ಹಾಗಿಲ್ಲ ಅಂದಿತು. ಸಂವಿಧಾನದ ನಾಲ್ಕು ತಿಂಗಳ ಮಾತು ಹಾಗೇ ಇತ್ತು, ಹಣದ ದಾರಿ ಮುಚ್ಚಿತು. 1875ರ ತಿದ್ದುಪಡಿ ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ಶಾಲೆ ಎಂದು ಬರೆಯಿತು. 1877ರಲ್ಲಿ ಕೌಂಟಿಯ ಕಮಿಷನರುಗಳನ್ನು ಆರಿಸುವ ಹಕ್ಕನ್ನೇ ಜನರಿಂದ ತೆಗೆದರು. ಶಾಸನಸಭೆ ಸ್ಥಳೀಯ ನ್ಯಾಯಾಧಿಪತಿಗಳನ್ನು ನೇಮಿಸುವುದು, ಅವರು ಕಮಿಷನರುಗಳನ್ನು ನೇಮಿಸುವುದು. ಹಳೆಯ ಕೌಂಟಿ ಕೋರ್ಟು ಹೊಸ ಅಂಗಿ ಹಾಕಿಕೊಂಡು ವಾಪಸ್ ಬಂತು. 1883ರ ಒಂದು ಕಾನೂನು ಬಿಳಿಯರ ತೆರಿಗೆ ಬಿಳಿಯರ ಶಾಲೆಗೆ, ಕಪ್ಪು ಜನರ ತೆರಿಗೆ ಅವರ ಶಾಲೆಗೆ ಅನ್ನುವ ಹಾದಿ ತೆರೆಯಿತು. ಗುಲಾಮಗಿರಿಯಲ್ಲಿ ಒಂದು ಎಕರೆಯನ್ನೂ ಕೂಡಿಸಿಕೊಳ್ಳಲಾಗದ ಜನ ಎಷ್ಟು ತೆರಿಗೆ ಕಟ್ಟಿಯಾರು? ಗ್ಯಾಸ್ಟನ್ ಕೌಂಟಿಯ ಮೊಕದ್ದಮೆಯೊಂದರಲ್ಲಿ 1886ರಲ್ಲಿ ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಅಂತ ತಳ್ಳಿಹಾಕಿತು. ಅಷ್ಟಾದರೂ ಒಂದು ಕಡೆ ನ್ಯಾಯ ನಿಂತಿತು.

ಈ ಕಾಗದಗಳಲ್ಲಿ ಬಹಳಷ್ಟು ಇವತ್ತು ರಾಲೀ ನಗರದ ರಾಜ್ಯ ಪತ್ರಾಗಾರದಲ್ಲಿ, ಕೌಂಟಿವಾರು ಪೆಟ್ಟಿಗೆಗಳಲ್ಲಿವೆ. ಬ್ಯೂರೋದ ವರದಿಗಳನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ನೋಡಬಹುದು. ರಾಲೀ, ಕ್ಯಾರಿ ಕಡೆ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡಿಗರು ಎಷ್ಟೋ ಜನ ಇದ್ದಾರೆ. ನಿಮ್ಮ ಮಕ್ಕಳು ಓದುವ ಕೌಂಟಿ ಶಾಲೆಯ ಹಿಂದಿನ ಕತೆ ಇದೇ. ಬಿಡುವಾದಾಗ ಒಮ್ಮೆ ಹೋಗಿ ನೋಡಿ ಅಂತ ನನ್ನ ಕೋರಿಕೆ.

ಹೋದರೆ ಒಂದು ಪುಸ್ತಕ ಕೇಳಿ ತೆಗೆಸಿ. 1900ರಲ್ಲಿ ಈ ರಾಜ್ಯ ಮತದಾನಕ್ಕೆ ಹೊಸ ನಿಯಮ ತಂದಿತು. ಸಂವಿಧಾನದ ಯಾವ ಭಾಗ ಕೊಟ್ಟರೂ ಓದಿ ಬರೆಯಲು ಬಂದವರಿಗೆ ಮಾತ್ರ ಮತ. ಬಂತೋ ಇಲ್ಲವೋ ಅಂತ ಹೇಳುವವನು ನೋಂದಣಿ ಅಧಿಕಾರಿ. ನಾಲ್ಕು ತಿಂಗಳ ಶಾಲೆಯನ್ನೂ ಸರಿಯಾಗಿ ಕೊಡದೆ, ಓದಲು ಬರುತ್ತಾ ಅಂತ ಕೇಳಿದರು. ಆದರೆ ಓದು ಬಾರದ ಬಿಳಿಯರೂ ಬೇಕಾದಷ್ಟು ಇದ್ದರಲ್ಲ, ಅವರಿಗೊಂದು ವಿನಾಯಿತಿ ಇಟ್ಟರು. 1867ರ ಜನವರಿ 1ಕ್ಕೆ ಮುಂಚೆ ನಿಮ್ಮ ಅಪ್ಪನೋ ತಾತನೋ ಮತದಾರನಾಗಿದ್ದರೆ ನಿಮಗೆ ಪರೀಕ್ಷೆ ಇಲ್ಲ. 1908ರ ಡಿಸೆಂಬರ್ 1ರೊಳಗೆ ಹೆಸರು ಬರೆಸಿದರೆ ಸಾಕು. ಆ ದಿನಾಂಕಕ್ಕೆ ಮುಂಚೆ ಈ ರಾಜ್ಯದಲ್ಲಿ ಗುಲಾಮರಾಗಿದ್ದವರು ಯಾರೂ ಮತ ಹಾಕಿರಲಿಲ್ಲ. ಅದಕ್ಕಾಗಿ ಕೌಂಟಿಗಳಲ್ಲಿ ಖಾಯಂ ನೋಂದಣಿ ಪುಸ್ತಕಗಳನ್ನು ಇಟ್ಟರು. ಮತದಾರನ ಹೆಸರು, ವಯಸ್ಸು, ಅದರ ಪಕ್ಕದಲ್ಲಿ ಅವನು ಯಾರ ವಂಶದವನೋ ಆ ಹಿರಿಯನ ಹೆಸರು.

ನಮಸ್ಕಾರ.