ಕೂಲೆಂಟ್ ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ. ಶೋರೂಮಿನಿಂದ ಹೊಸ ಕಾರು ತಂದವರು ಈಗ ಎದ್ದು ಹೋಗಿ ಚಹಾ ಮಾಡಿಕೊಳ್ಳಬಹುದು. ನನ್ನ ಮಾತು ಯಾರೋ ಹತ್ತು ವರ್ಷ ಓಡಿಸಿದ ಕಾರನ್ನು ಕೊಂಡವರಿಗೆ. ಪೂಜೆ ಮಾಡಿಸಿದಿರಿ, ಚಕ್ರದಡಿ ನಿಂಬೆಹಣ್ಣು ಇಟ್ಟಿರಿ. ಬಾನೆಟ್ ಎತ್ತಿ ನೋಡಿದಿರಾ?

ಎತ್ತಿದರೆ ಒಂದು ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಒಳಗೆ ಹಸಿರೋ ಗುಲಾಬಿಯೋ ಬಣ್ಣದ ದ್ರವ, ಹೊರಗೆ ಎರಡು ಗೆರೆ. ಆ ದ್ರವವೇ ಕೂಲೆಂಟ್. ಎಂಜಿನ್ ತಣ್ಣಗಿರುವಾಗ ಅದು ಎರಡು ಗೆರೆಗಳ ನಡುವೆ ಇರಬೇಕು. ಕೆಳಗಿನ ಗೆರೆಗಿಂತ ಇಳಿದಿದ್ದರೆ ಎಲ್ಲರೂ ಕೇಳುವುದು, ‘ಎಷ್ಟು ಹಾಕಬೇಕು?’ ಕೇಳಬೇಕಾದದ್ದು, ‘ಎಲ್ಲಿ ಹೋಯಿತು?’ ಪೆಟ್ರೋಲ್ ಉರಿದು ಖರ್ಚಾಗುತ್ತದೆ. ಕೂಲೆಂಟ್ ಖರ್ಚಾಗುವುದಿಲ್ಲ. ಎಂಜಿನ್ನಿನ ಬಿಸಿಯನ್ನು ರೇಡಿಯೇಟರಿಗೆ ಒಯ್ದು, ತಣಿದು, ಮತ್ತೆ ಎಂಜಿನ್ನಿಗೆ ಬರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ.

ನಮ್ಮ ಗ್ಯಾರೇಜಿಗೆ ಬರುವ ಮೇಷ್ಟರೊಬ್ಬರ ಸಂಗತಿ ಹೇಳಲೇಬೇಕು. ಹಳೆಯ ಡೀಸೆಲ್ ಕಾರು ಕೊಂಡಿದ್ದರು. ಮಾರಿದವನು, ‘ಈ ಗಾಡಿಗೆ ಸ್ವಲ್ಪ ನೀರು ಜಾಸ್ತಿ ಬೇಕು ಸಾರ್, ವಾರಕ್ಕೊಂದು ಲೋಟ ಹಾಕಿ’ ಎಂದಿದ್ದನಂತೆ. ಮೇಷ್ಟರು ಶಿಸ್ತಿನ ಮನುಷ್ಯ. ಪ್ರತಿ ಭಾನುವಾರ ತಪ್ಪದೆ ಲೋಟ ಹಿಡಿದು ಬೋರ್‌ವೆಲ್ ನೀರು ಹಾಕಿದರು. ಕೂಲೆಂಟ್ ತೆಳುವಾಗುತ್ತ ಹೋಯಿತು, ಗಡಸು ನೀರಿನ ಬಿಳಿ ಪದರ ಒಳಗೆ ಕಟ್ಟಿತು. ಧರ್ಮಸ್ಥಳಕ್ಕೆ ಹೋಗಿ ಮರಳುವಾಗ ಚಾರ್ಮಾಡಿ ಘಾಟಿ ಹತ್ತಬೇಕಲ್ಲ? ಕಾರಿನ ತುಂಬ ಜನ, ಎಸಿ ಬೇರೆ, ಮುಂದೆ ತೆವಳುತ್ತಿರುವ ಬಸ್ಸು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿದ್ದನ್ನು ಯಾರೂ ನೋಡಲಿಲ್ಲ. ತಿರುವಿನಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಮೇಷ್ಟರು ಟವೆಲ್ ಹಿಡಿದು ಕೂಲೆಂಟಿನ ಮುಚ್ಚಳಕ್ಕೆ ಕೈ ಹಾಕಿದರು. ಹಿಂದಿನ ಜೀಪಿನ ಚಾಲಕ ಓಡಿಬಂದು ಅವರ ಕೈ ಹಿಡಿದುಕೊಂಡ. ಪುಣ್ಯಾತ್ಮ! ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಅಷ್ಟೂ ಉಕ್ಕಿ ಮುಖಕ್ಕೆ ಹಾರುತ್ತದೆ. ಕುಕ್ಕರಿನ ಮುಚ್ಚಳವನ್ನು ಉರಿಯ ಮೇಲಿದ್ದಾಗಲೇ ಕಿತ್ತ ಹಾಗೆ.

ಗಾಡಿಯನ್ನು ಕೊಟ್ಟಿಗೆಹಾರದವರೆಗೆ ಎಳೆದು ತಂದರು, ಅಲ್ಲಿಂದ ನಮ್ಮಲ್ಲಿಗೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಾಗಿತ್ತು, ಅದರ ಕೆಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಸುಟ್ಟಿತ್ತು. ಇಷ್ಟಕ್ಕೆಲ್ಲ ಮೂಲವೇನು ಗೊತ್ತೇ? ರೇಡಿಯೇಟರಿನ ಕೆಳಗಿನ ಹೋಸ್ ಪೈಪಿನ ಒಂದು ಕ್ಲಿಪ್ ಸಡಿಲವಾಗಿತ್ತು. ಸುತ್ತಲೂ ಒಣಗಿದ ಗುಲಾಬಿ ಕಲೆ. ಆ ಕ್ಲಿಪ್ಪಿನ ಬೆಲೆ ಅವರ ಮನೆಯವರು ಕೊಟ್ಟಿಗೆಹಾರದಲ್ಲಿ ತಿಂದ ನೀರುದೋಸೆಗಿಂತ ಕಡಿಮೆ. ‘ನೀರು ಜಾಸ್ತಿ ಬೇಕು ಅಂತ ಅವನೇ ಹೇಳಿದ್ದನಲ್ಲ’ ಎಂದರು ಮೇಷ್ಟರು. ಹೇಳದೆ ಏನು ಮಾಡುತ್ತಾನೆ, ಮಾರಬೇಕಿತ್ತಲ್ಲ! ನೀರು ಜಾಸ್ತಿ ಬೇಡುವ ಗಾಡಿ ಯಾವ ಕಂಪನಿಯಲ್ಲೂ ತಯಾರಾಗುವುದಿಲ್ಲ. ಅದು ಸೋರುವ ಗಾಡಿ.

ಸಮಯ ಓಡುತ್ತಿದೆ, ಹಾಕುವ ಕ್ರಮವನ್ನು ಬೇಗ ಹೇಳಿಬಿಡುತ್ತೇನೆ. ಬೆಳಿಗ್ಗೆ, ಗಾಡಿ ಚಾಲೂ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ ನೋಡಿ. ಮುಚ್ಚಳವನ್ನು ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿ. ಕಾರಿನ ಕೈಪಿಡಿ ಹೇಳಿದ ಕೂಲೆಂಟನ್ನೇ ಹಾಕಿ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣ ಬರಿಯ ಬಣ್ಣ. ನೀರು ಬೆರೆಸದ ಗಟ್ಟಿ ಕೂಲೆಂಟ್ ತಂದಿದ್ದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಕೊಂಡು ತಂದ ಕ್ಯಾನಿನ ಮೇಲೆ ಬರೆದಿರುತ್ತದೆ, ಓದಿ. ನಲ್ಲಿ ನೀರು ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಮೇಲಿನ ಗೆರೆ ದಾಟಿಸಬೇಡಿ.

ಆಮೇಲೆ, ದಯವಿಟ್ಟು, ಡಬ್ಬಿಯ ಮೇಲೆ ಮಟ್ಟವನ್ನು ಪೆನ್ನಿನಿಂದ ಗುರುತು ಮಾಡಿ. ವಾರ ಬಿಟ್ಟು ನೋಡಿ. ಇಳಿದಿದ್ದರೆ ಮತ್ತೆ ಸುರಿಯಬೇಡಿ, ಎಲ್ಲಿ ಹೋಯಿತೆಂದು ಹುಡುಕಿಸಿ. ಹೋಸ್, ವಾಟರ್ ಪಂಪ್, ರೇಡಿಯೇಟರ್, ಈ ಮೂರರಲ್ಲೇ ಹೆಚ್ಚಾಗಿ ಸಿಗುತ್ತದೆ. ಹೊರಗೆಲ್ಲೂ ಕಾಣದೆ, ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಕೂಲೆಂಟ್ ಒಳಗೇ ಸೋರಿ ಆಯಿಲ್ ಸೇರುತ್ತಿರಬಹುದು, ಗಾಡಿ ಚಾಲೂ ಮಾಡದೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.

ಉಳಿದ ಕೂಲೆಂಟನ್ನು ಮಕ್ಕಳ ಕೈಗೆ, ನಾಯಿಯ ಬಾಯಿಗೆ ಸಿಗದಂತೆ ಎತ್ತಿಡಿ. ರುಚಿ ಸಿಹಿ, ಆದರೆ ವಿಷ. ನಮಸ್ಕಾರ.