ಎಳೆಯ ಮಕ್ಕಳ ಮೂತ್ರಪಿಂಡದ ಕ್ಯಾನ್ಸರ್: ವಿಲ್ಮ್ಸ್ ಗಡ್ಡೆ

[ದೃಶ್ಯ: ಮಗುವಿನ ಹೊಟ್ಟೆಯ ರೇಖಾಚಿತ್ರ, ಒಂದು ಪಕ್ಕದಲ್ಲಿ ಉಬ್ಬು]

ನಿರೂಪಣೆ: ನಮಸ್ಕಾರ. ಸ್ನಾನ ಮಾಡಿಸುವಾಗಲೋ ಬಟ್ಟೆ ತೊಡಿಸುವಾಗಲೋ ಮಗುವಿನ ಹೊಟ್ಟೆಯ ಒಂದು ಪಕ್ಕದಲ್ಲಿ ಗಟ್ಟಿಯಾದ, ನುಣುಪಾದ ಗಂಟೊಂದು ಕೈಗೆ ತಗಲುತ್ತದೆ. ಮುಟ್ಟಿದರೆ ಮಗು ಅಳುವುದಿಲ್ಲ, ಅದರ ಊಟ, ಆಟ ಎಲ್ಲವೂ ಎಂದಿನಂತೆಯೇ ಇರುತ್ತವೆ. ಮಕ್ಕಳ ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಬಹುಪಾಲಾಗಿರುವ ವಿಲ್ಮ್ಸ್ ಗಡ್ಡೆ ಹೆಚ್ಚಾಗಿ ಪತ್ತೆಯಾಗುವುದು ಹೀಗೆಯೇ. ನೋವಿಲ್ಲವೆಂಬ ಕಾರಣಕ್ಕೆ ಇದನ್ನು ಮಲಬದ್ಧತೆಯೆಂದು ಭಾವಿಸಿ ಕಾಯುವುದು ಸಲ್ಲದು.

ಕೆಲವು ಮಕ್ಕಳಲ್ಲಿ ಮೂತ್ರದಲ್ಲಿ ರಕ್ತ, ಜ್ವರ, ಹೊಟ್ಟೆನೋವು ಕಾಣಿಸುತ್ತವೆ. ರಕ್ತದೊತ್ತಡವೂ ಏರಿರಬಹುದು, ಆದರೆ ಎಳೆಯ ಮಕ್ಕಳಲ್ಲಿ ಅದನ್ನು ಅಳೆದು ನೋಡುವವರೇ ಕಡಿಮೆ.

[ದೃಶ್ಯ: ಭ್ರೂಣದ ಮೂತ್ರಪಿಂಡದ ಜೀವಕೋಶಗಳು]

ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ 1899ರಲ್ಲಿ ವಿವರವಾಗಿ ದಾಖಲಿಸಿದ ಈ ಗಡ್ಡೆ, ಭ್ರೂಣದಲ್ಲಿ ಮೂತ್ರಪಿಂಡವಾಗಿ ರೂಪುಗೊಳ್ಳಬೇಕಿದ್ದ ಜೀವಕೋಶಗಳು ಪಕ್ವವಾಗದೆ ಉಳಿದು ಮಿತಿಮೀರಿ ಬೆಳೆಯುವುದರಿಂದ ಉಂಟಾಗುತ್ತದೆ. ಆದ್ದರಿಂದಲೇ ಇದು 5 ವರ್ಷದೊಳಗಿನವರಲ್ಲಿ ಹೆಚ್ಚು. ಹೆತ್ತವರ ಆರೈಕೆಯ ಲೋಪ ಇದಕ್ಕೆ ಕಾರಣವಲ್ಲ. ಹುಟ್ಟಿನಿಂದಲೇ ಕಣ್ಣಿನ ಐರಿಸ್ (ಕಣ್ಣಿನ ಬಣ್ಣದ ವೃತ್ತ) ಇಲ್ಲದ ಅಥವಾ ದೇಹದ ಒಂದು ಪಾರ್ಶ್ವ ಇನ್ನೊಂದಕ್ಕಿಂತ ದೊಡ್ಡದಾಗಿರುವ ಮಕ್ಕಳಿಗೆ ಅಪಾಯ ಹೆಚ್ಚಿರುವುದರಿಂದ, ಅಂಥವರಿಗೆ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುತ್ತಾರೆ.

[ದೃಶ್ಯ: ಗಡ್ಡೆಯನ್ನು ಸುತ್ತುವರಿದ ತೆಳು ಪೊರೆ]

ಗಂಟು ಸಿಕ್ಕಿತೆಂದು ಮನೆಯವರೆಲ್ಲ ಒತ್ತಿ ಒತ್ತಿ ನೋಡಬಾರದು. ಗಡ್ಡೆಯನ್ನು ಸುತ್ತುವರಿದ ತೆಳು ಪೊರೆ ಒಡೆದು ಕ್ಯಾನ್ಸರ್ ಕೋಶಗಳು ಹೊಟ್ಟೆಯೊಳಗೆ ಚೆಲ್ಲಿದರೆ ಕಾಯಿಲೆಯ ಹಂತವೇ ಮೇಲೇರಿ, ಮಗುವಿಗೆ ಹೆಚ್ಚಿನ ಔಷಧವೂ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ. ಅನೇಕ ಸಂದರ್ಭಗಳಲ್ಲಿ ವೈದ್ಯರು ಮೊದಲಿಗೇ ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಮಾಡುವ ಪರೀಕ್ಷೆ) ಮಾಡದಿರುವುದಕ್ಕೂ ಇದೇ ಕಾರಣ. ಅಲ್ಟ್ರಾಸೌಂಡ್ ನಂತರ ಹೊಟ್ಟೆಯ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಮಾಡುತ್ತಾರೆ, ಈ ಕ್ಯಾನ್ಸರ್ ಹರಡಿದರೆ ಹೆಚ್ಚಾಗಿ ಶ್ವಾಸಕೋಶಕ್ಕೇ ಹರಡುವುದರಿಂದ ಎದೆಯನ್ನೂ ಪರೀಕ್ಷಿಸುತ್ತಾರೆ.

[ದೃಶ್ಯ: ಶಸ್ತ್ರಚಿಕಿತ್ಸಾ ಕೊಠಡಿ]

ಚಿಕಿತ್ಸೆಯ ಕ್ರಮದಲ್ಲಿ ಎರಡು ಪದ್ಧತಿಗಳಿವೆ. ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ ಗಡ್ಡೆಯಿರುವ ಮೂತ್ರಪಿಂಡವನ್ನು ಮೊದಲೇ ತೆಗೆದು ಅನಂತರ ಕಿಮೊಥೆರಪಿ ಕೊಡುತ್ತಾರೆ. ಯುರೋಪಿನಲ್ಲಿ ಬೆಳೆದುಬಂದ ಪದ್ಧತಿಯಲ್ಲಿ, ಗಡ್ಡೆ ಒಂದೇ ಕಡೆಯಲ್ಲಿದ್ದು ಹರಡಿರದಿದ್ದರೆ, ವಿನ್‌ಕ್ರಿಸ್ಟಿನ್ ಮತ್ತು ಆಕ್ಟಿನೊಮೈಸಿನ್-ಡಿ ಔಷಧಗಳನ್ನು 4 ವಾರ ಕೊಟ್ಟು, ಗಡ್ಡೆಯನ್ನು ಕುಗ್ಗಿಸಿ, ಬಳಿಕ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಎರಡರ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ ಆಗಿರುವಾಗ, ಯಾವುದು ಮೇಲೆಂದು ಚರ್ಚಿಸುತ್ತ ದಿನ ಕಳೆಯುವುದಕ್ಕಿಂತ ಮಕ್ಕಳ ಕ್ಯಾನ್ಸರ್ ತಜ್ಞರ ತಂಡವಿರುವ ಆಸ್ಪತ್ರೆಯನ್ನು ಬೇಗನೆ ಸೇರುವುದು ಮೇಲು. ಎರಡೂ ಮೂತ್ರಪಿಂಡಗಳಲ್ಲಿ ಗಡ್ಡೆಯಿದ್ದರೆ, ಆರೋಗ್ಯವಂತ ಭಾಗವನ್ನು ಆದಷ್ಟು ಉಳಿಸಿಕೊಳ್ಳಲು ಮೊದಲು ಔಷಧವನ್ನೇ ಆರಿಸಿಕೊಳ್ಳುತ್ತಾರೆ.

ಸುಸಜ್ಜಿತ ಚಿಕಿತ್ಸೆ ದೊರೆಯುವಲ್ಲಿ 10ರಲ್ಲಿ ಸುಮಾರು 9 ಮಕ್ಕಳು ಬದುಕುಳಿಯುತ್ತಾರೆ. ಆರೋಗ್ಯಕರವಾದ ಒಂದೇ ಮೂತ್ರಪಿಂಡದಿಂದ ಸಹಜ ಜೀವನ ನಡೆಸಬಹುದಾದರೂ, ರಕ್ತದೊತ್ತಡ ಮತ್ತು ಮೂತ್ರದ ತಪಾಸಣೆಯನ್ನು ದೊಡ್ಡವರಾದ ಮೇಲೂ ಬಿಡಬಾರದು. ಡಾಕ್ಸೊರುಬಿಸಿನ್ ಎಂಬ ಕಿಮೊಥೆರಪಿ ಔಷಧ ಪಡೆದವರು ಹೃದಯದ ಪರೀಕ್ಷೆಯನ್ನೂ ಮಾಡಿಸಿಕೊಳ್ಳುತ್ತಿರಬೇಕು.