ತಡವಾಗಿ ಸಾಯುವ ಕಣಗಳನ್ನು ಹುಡುಕೋದು ಹೇಗೆ?

[ಪರದೆ: ನಡುವೆ ಒಂದು ಚುಕ್ಕೆ, ಸುತ್ತಲೂ ಹರಡಿದ ಗೆರೆಗಳು]

ಎರಡು ಪ್ರೋಟಾನ್ ಡಿಕ್ಕಿ ಹೊಡೆದದ್ದು ಈ ಚುಕ್ಕೆಯಲ್ಲಿ. ಗೆರೆಗಳೆಲ್ಲ ಇಲ್ಲಿಂದಲೇ ಹೊರಟಿವೆ. ಈಗ ಬಲಗಡೆ ನೋಡಿ. ಒಂದು ಗೇಣು ಆಚೆ, ಏನೂ ಇಲ್ಲದ ಕಡೆಯಿಂದ ಎರಡು ಗೆರೆ ಕವಲೊಡೆದಿವೆ. ಯಾವುದೋ ಕಣ ಗುರುತೇ ಬಿಡದೆ ಅಲ್ಲಿವರೆಗೂ ಬಂದು ಕ್ಷಯಿಸಿದೆ, ಅಂದ್ರೆ ಒಡೆದು ಬೇರೆ ಕಣಗಳಾಗಿದೆ.

ಹೊಸ ಕಣ ಸಿಕ್ಕೇಬಿಟ್ಟಿತಾ? ತಡೀರಿ. ಇಂಥದ್ದೇ ಕವಲನ್ನು 1947ರಲ್ಲಿ ಮ್ಯಾಂಚೆಸ್ಟರ್‌ನ ರೋಚೆಸ್ಟರ್ ಮತ್ತು ಬಟ್ಲರ್ ಕಂಡಿದ್ದರು. ಆ ಕವಲಿಗೆ ಕಾರಣವಾದ ಕಣಕ್ಕೆ ಇವತ್ತು ಕೇಯಾನ್ ಅಂತಾರೆ. ಅವು ಇಲ್ಲಿ ರಾಶಿರಾಶಿ ಹುಟ್ಟುತ್ತವೆ. ಮಾಮೂಲಿ ಕಣವೊಂದು ಪ್ರೋಟಾನ್ ಓಡುವ ಕೊಳವೆಯ ಗೋಡೆಗೆ ತಾಗಿದರೂ ಹೀಗೇ ಕಾಣುತ್ತೆ. ಅದಕ್ಕೇ ಈ ಗೆರೆಗಳನ್ನು ದಾಖಲಿಸುವ ಯಂತ್ರ, ಡಿಟೆಕ್ಟರ್‌ನೊಳಗೆ ಎಲ್ಲೆಲ್ಲಿ ಲೋಹ, ಸಿಲಿಕಾನ್ ಇದೆ ಅಂತ ನಕ್ಷೆ ಮಾಡಿಟ್ಟುಕೊಂಡು, ಆ ಜಾಗದ ಕವಲುಗಳನ್ನು ಲೆಕ್ಕದಿಂದಲೇ ತೆಗೀತಾರೆ.

ನನ್ನ ಕೇಳಿದರೆ, ಅಸಲಿ ತಲೆನೋವು ಟ್ರಿಗರ್, ಅಂದ್ರೆ ಯಾವ ಡಿಕ್ಕಿಯ ದಾಖಲೆ ಉಳಿಸಬೇಕು ಅಂತ ಆಗಿಂದಾಗ್ಗೆ ಆರಿಸುವ ಜರಡಿ. ಜಿನೀವಾ ಬಳಿ, 27 ಕಿಲೋಮೀಟರ್ ಸುತ್ತಳತೆಯ ಕೊಲೈಡರ್ (ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ) ಎಲ್‌ಎಚ್‌ಸಿಯಲ್ಲಿ ಪ್ರೋಟಾನ್ ಗೊಂಚಲುಗಳು 25 ನ್ಯಾನೋಸೆಕೆಂಡಿಗೊಮ್ಮೆ ಎದುರಾಗುತ್ತವೆ. ಸೆಕೆಂಡಿಗೆ ಹತ್ತಿರಹತ್ತಿರ 4 ಕೋಟಿ ಸಲ! ಅದರಲ್ಲಿ ಉಳಿಸಿಕೊಳ್ಳೋದು ಕೆಲವೇ ಸಾವಿರ. ಟ್ರಿಗರ್ ಬಿಟ್ಟಿದ್ದು ಹೋಯ್ತು, ಮತ್ತೆ ಸಿಗಲ್ಲ. ಈ ಜರಡಿ ಹಿಡಿದವರ ತಲೆಯಲ್ಲಿ ಮೊದಲು ಇದ್ದದ್ದು ಹಿಗ್ಸ್‌ನಂಥ, ಹುಟ್ಟಿದಲ್ಲೇ ಸಾಯುವ ಕಣಗಳು.

[ಅನಿಮೇಷನ್: ಅಟ್ಲಾಸ್ ಡಿಟೆಕ್ಟರ್‌ನ ಅಡ್ಡಸೀಳು]

25 ನ್ಯಾನೋಸೆಕೆಂಡಲ್ಲಿ ಬೆಳಕು ಕ್ರಮಿಸೋದು ಏಳೂವರೆ ಮೀಟರ್. ಎಲ್‌ಎಚ್‌ಸಿಯ ದೈತ್ಯ ಡಿಟೆಕ್ಟರ್ ಅಟ್ಲಾಸ್‌ನ ನಡುವಿನಿಂದ ಹೊರಗೋಡೆಗೆ ಹನ್ನೆರಡೂವರೆ ಮೀಟರ್. ಅಂದ್ರೆ ಬೆಳಕೇ ಹೊರಗೋಡೆ ಮುಟ್ಟೋದರೊಳಗೆ ಒಳಗೆ ಇನ್ನೊಂದು ಡಿಕ್ಕಿ ಆಗಿರುತ್ತೆ. ಭಾರದ ಕಣವೊಂದು ನಿಧಾನಕ್ಕೆ ಬಂದರೆ ಮುಂದಿನ ಡಿಕ್ಕಿಯ ಖಾತೆಗೆ ಬೀಳಬಹುದು.

ಇನ್ನೂ ವಿಚಿತ್ರ ಸಾಧ್ಯತೆ ಇದೆ. ಕಣ ಡಿಟೆಕ್ಟರ್‌ನ ಲೋಹದಲ್ಲೇ ಸಿಕ್ಕಿಕೊಂಡು ನಿಂತು, ಎಷ್ಟೋ ಹೊತ್ತಾದ ಮೇಲೆ ಕ್ಷಯಿಸಬಹುದು. ಇದಕ್ಕಾಗಿ ಎಲ್‌ಎಚ್‌ಸಿಯ ಇನ್ನೊಂದು ಡಿಟೆಕ್ಟರ್ ಸಿಎಂಎಸ್‌ನ ತಂಡ ಡಿಕ್ಕಿಗಳೇ ಇಲ್ಲದ ಬಿಡುವಿನಲ್ಲಿ ಕಾದಿದೆ. ಆಗ ಏನಾದರೂ ಮಿನುಗಿದರೆ? ಬಹುತೇಕ ಆಕಾಶದಿಂದ ಬಂದ ಮ್ಯೂಯಾನ್ (ಎಲೆಕ್ಟ್ರಾನ್‌ನಂಥದ್ದೇ, ಆದರೆ ಭಾರದ ಕಣ) ಅಂತಲೇ ಇಟ್ಕೊಳ್ಳಿ!

ಡಿಟೆಕ್ಟರನ್ನೇ ದಾಟಿಹೋಗುವ ಕಣಗಳಿಗೆ ಅಟ್ಲಾಸ್‌ನಿಂದ 480 ಮೀಟರ್ ಆಚೆ, ಬಳಕೆಯಲ್ಲಿಲ್ಲದ ಪಕ್ಕದ ಸುರಂಗದಲ್ಲಿ ಫೇಸರ್ ಅನ್ನುವ ಪುಟ್ಟ ಪ್ರಯೋಗ ಕೂತಿದೆ. ಅದು 2023ರಲ್ಲಿ ಕೊಲೈಡರ್‌ನಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು, ಅಂದ್ರೆ ಯಾವುದಕ್ಕೂ ಸುಲಭಕ್ಕೆ ತಾಗದ ಹಗುರ ಕಣಗಳನ್ನು, ಹಿಡಿದು ಸುದ್ದಿಯಾಯಿತು. ಅದು ಹುಡುಕುತ್ತಿರುವ, ಇನ್ನೂ ಊಹೆಯಲ್ಲೇ ಇರುವ ಡಾರ್ಕ್ ಫೋಟಾನ್ ಅನ್ನುವ ಕಣ ಮಾತ್ರ ಅದರ ಬಲೆಗೆ ಬಿದ್ದಿಲ್ಲ.